ಬಿದ್ದುಹೋದ ಚುಕ್ಕಿ

1998ರ ಮಳೆಗಾಲದಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಯೊಂದಕ್ಕೆ ಸೇರಿದ ಆ ಹಾಸನದ ಹುಡುಗನಿಗೆ ಸಿಕ್ಕಿದ್ದು ಇಸವಿ ತಿದ್ದುವ ಕೆಲಸ. ಅಮೆರಿಕದ ವಿಮಾ ಕಂಪನಿಯೊಂದರ ಹಳೆಯ ಕೋಬಾಲ್ ಪ್ರೋಗ್ರಾಮುಗಳು ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದುಕೊಂಡಿದ್ದವು. 2000 ಬಂದರೆ ಅವುಗಳ ಪಾಲಿಗೆ ಅದು 1900. ಮೇನ್‌ಫ್ರೇಮು ಅಲ್ಲಿ, ತಿದ್ದುವವರು ಇಲ್ಲಿ, ನಡುವೆ ಉಪಗ್ರಹ.

ತಿದ್ದಲು ಇದ್ದದ್ದು ಎಕ್ಸೆಡಿಟ್ ಎಂಬ ಎಡಿಟರು. ಮೌಸು ಗೀಸು ಏನಿಲ್ಲ. ‘ಲೊಕೇಟ್’ ಎಂದು ಸಾಲು ಹುಡುಕಬೇಕು, ‘ಚೇಂಜ್’ ಎಂದು ಪದ ಬದಲಿಸಬೇಕು, ‘ಫೈಲ್’ ಎಂದು ಮುಚ್ಚಿಡಬೇಕು. ಮೂರೇ ದಿನಕ್ಕೆ ಹುಡುಗನಿಗೆ ಸಾಕೆನಿಸಿತು. ಆಗ ಕೈಗೆ ಸಿಕ್ಕಿದ್ದು ರೆಕ್ಸ್, ಐಬಿಎಂನ ಮೈಕ್ ಕೌಲಿಷಾ 1979ರಲ್ಲಿ ರೂಪಿಸತೊಡಗಿದ ಭಾಷೆ. ಎಡಿಟರಿಗೆ ಕೊಡುವ ಆಜ್ಞೆಗಳನ್ನೇ ಅದರಲ್ಲಿ ಬರೆದಿಟ್ಟರೆ ಸಾಕು, ಎಷ್ಟು ಕಡತಗಳಿದ್ದರೂ ತಿದ್ದಿಕೊಂಡು ಹೋಗುತ್ತದೆ. ಇಪ್ಪತ್ತು ಸಾಲಿನ ಸ್ಕ್ರಿಪ್ಟು ಸಿದ್ಧವಾಯಿತು. ಓಡುವಾಗ ಎಡಿಟರು ಪರದೆ ತುಂಬ ಏನೇನೋ ವರದಿ ಒಪ್ಪಿಸುತ್ತಿತ್ತು. ‘ಎಂಎಸ್‌ಜಿಮೋಡ್ ಆಫ್’ ಎಂಬ ಸಾಲೊಂದನ್ನು ಸೇರಿಸಿ ಅದರ ಬಾಯಿ ಮುಚ್ಚಿಸಿದ.

ಊಟ ಮುಗಿಸಿ ಬರುವಷ್ಟರಲ್ಲಿ ನಲವತ್ತು ಪ್ರೋಗ್ರಾಮು ತಿದ್ದಿ ಆಗಿತ್ತು. ಮ್ಯಾನೇಜರು ಬೆನ್ನು ತಟ್ಟಿದರು. ಪಕ್ಕದ ಮೇಜಿನ ಹಿರಿಯ ಮೇಡಂ ಮಾತ್ರ ಒಂದೊಂದೇ ಸಾಲು ಓದಿ ತಿದ್ದುತ್ತಿದ್ದರು. ಅವರ ನಿಧಾನವೆಂದರೆ ಕಚೇರಿಗೆಲ್ಲ ತಮಾಷೆ, ಹುಡುಗನೂ ನಕ್ಕಿದ್ದುಂಟು.

ವಾರದ ನಂತರ ಅವರೇ ಕರೆದರು. “ನೋಡಪ್ಪಾ, ಈ ಸಾಲಿನ ಚುಕ್ಕಿ ಎಲ್ಲಿ ಹೋಯ್ತು?”

ಕೋಬಾಲಿನ ಸಾಲು 72ನೇ ಕಾಲಮಿಗೆ ಮುಗಿಯಬೇಕು. 80 ಕಾಲಮಿನ ಪಂಚ್ ಕಾರ್ಡಿನ ಕಾಲದ ಕಟ್ಟುಪಾಡದು; ಕಾರ್ಡು ಹೋದರೂ ಗೆರೆ ಉಳಿದಿತ್ತು. ಇಸವಿಯ ಹೆಸರು ಎರಡಕ್ಷರ ಉದ್ದವಾದಾಗ, 71ರಲ್ಲಿದ್ದ ಪೂರ್ಣವಿರಾಮ 73ಕ್ಕೆ ಸರಿಯಿತು. ಎಡಿಟರು ಅದನ್ನು ಕತ್ತರಿಸಿ ಹಾಕಿತು. ಕತ್ತರಿಸಿದೆನೆಂದು ಹೇಳುವುದು ಅದರ ಸ್ವಭಾವವೇ. ಬಾಯಿ ಮುಚ್ಚಿಸಿದವನು ಇವನು.

ಹಳೆಯ ಕೋಬಾಲಿನಲ್ಲಿ ‘ಇಫ್’ ಎಂಬ ಷರತ್ತು ಮುಗಿಯುತ್ತಿದ್ದುದು ಆ ಚುಕ್ಕಿಯಲ್ಲಿ. ಕಂತು ತಡವಾಗಿದ್ದರೆ ದಂಡ ಹಾಕು, ಚುಕ್ಕಿ. ಕಂತನ್ನು ಖಾತೆಗೆ ಸೇರಿಸು, ಚುಕ್ಕಿ. ಮೊದಲನೆಯ ಚುಕ್ಕಿ ಹೋದದ್ದೇ ತಡ, ಎರಡನೆಯ ಮಾತೂ ಷರತ್ತಿನೊಳಗೆ ನುಸುಳಿತು. ತಡಮಾಡಿದವರ ಹಣ ಜಮೆಯಾಯಿತು, ಹೊತ್ತಿಗೆ ಸರಿಯಾಗಿ ಕಟ್ಟಿದವರದ್ದು ಆಗಲೇ ಇಲ್ಲ! ಕಂಪೈಲರು ತುಟಿಪಿಟಕ್ಕೆನ್ನಲಿಲ್ಲ. ವ್ಯಾಕರಣ ಸರಿಯಿತ್ತಲ್ಲ.

ಪುಣ್ಯಕ್ಕೆ ಅದಿನ್ನೂ ಪರೀಕ್ಷೆಯ ಹಂತ. ಹುಡುಗ ಮ್ಯಾನೇಜರ ಬಳಿ ತಾನೇ ಹೋಗಿ ಹೇಳಿದ, ಕಿವಿ ಕೆಂಪಾಗಿತ್ತು. ಹಳೆಯ ಪ್ರತಿಗಳನ್ನು ಟೇಪಿನಿಂದ ಇಳಿಸಿಕೊಂಡು, ಬಾಯಿ ಮುಚ್ಚಿಸುವ ಸಾಲನ್ನು ಕಿತ್ತುಹಾಕಿ ಮತ್ತೆ ಓಡಿಸಿದರು. ಎಡಿಟರು ಹನ್ನೊಂದು ಕಡೆ ಕೂಗಿತು. ಹನ್ನೊಂದನ್ನೂ ಇಬ್ಬರೂ ಕೂತು ಕೈಯಲ್ಲೇ ತಿದ್ದಿದರು.

ಹೊರಡುವಾಗ ಮೇಡಂ ಬ್ಯಾಗು ಹೆಗಲಿಗೇರಿಸುತ್ತ, “ಆ ಸ್ಕ್ರಿಪ್ಟು ನಂಗೂ ಒಂದು ಕಾಪಿ ಕೊಡಪ್ಪಾ,” ಎಂದರು.