ಹೊಸ ಭಾಷೆಗೆ ಬೈಂಡು

ಜೂನ್ ತಿಂಗಳಲ್ಲಿ ಹೊಸ ಪುಸ್ತಕ ಕೈಗೆ ಬಂದರೆ ಮೊದಲು ಓದುತ್ತಿರಲಿಲ್ಲ, ಬೈಂಡು ಹಾಕುತ್ತಿದ್ದೆವು. ಖಾಕಿ ಕಾಗದ ಹರಡಿ, ಅಂಚು ಮಡಚಿ, ಮಡಿಕೆಯ ಮೇಲೆ ಉಗುರಾಡಿಸಿ, ಲೇಬಲ್ ಅಂಟಿಸಿ, ‘ಹೆಸರು’ ಎಂಬಲ್ಲಿ ಹೆಸರು ಬರೆಯುವ ಹೊತ್ತಿಗೆ ಪುಸ್ತಕದ ಅರ್ಧ ಚಿತ್ರಗಳನ್ನು ನೋಡಿ ಆಗಿರುತ್ತಿತ್ತು. ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತಾಗ ಎಡಿಟರನ್ನು ಅಣಿಮಾಡಿಕೊಳ್ಳುವುದು ನನಗೆ ಅದೇ ಕೆಲಸ. ‘ಸುಮ್ಮನೆ ಕೋಡ್ ಬರಿ ಮಾರಾಯ’ ಎನ್ನುತ್ತಾರೆ ಗೆಳೆಯರು. ನನಗೆ ಆ ಅವಸರ ಇಲ್ಲ. ಭಾಷೆಯ ಜತೆ ಮೊದಲ ಮಾತು ನಡೆಯುವುದೇ ಅಲ್ಲಿ.

ಈ ಸಲ ರಸ್ಟ್ ಹಿಡಿದೆ. 2015ರ ಮೇ ತಿಂಗಳಲ್ಲಿ ಅದರ 1.0 ಆವೃತ್ತಿ ಬಂತು. ಬರೆಯುವ ಜಾಗ ಮಾತ್ರ ನನ್ನ ಹಳೆಯ ವಿಮ್. ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದು, 2023ರಲ್ಲಿ ತೀರಿಕೊಳ್ಳುವವರೆಗೂ ಪೊರೆದ ಎಡಿಟರ್ ಇದು. ಯಾವ ಫೈಲೂ ಇಲ್ಲದೆ ತೆರೆದರೆ ಉಗಾಂಡಾದ ಬಡ ಮಕ್ಕಳಿಗೆ ನೆರವಾಗಿ ಎಂಬ ಸಾಲು ಕಾಣುತ್ತದೆ. ಎಷ್ಟು ವರ್ಷವಾದರೂ ಆ ಸಾಲಿನ ಮೇಲೆ ಕಣ್ಣಾಡಿಸದೆ ನಾನು ಕೆಲಸ ಶುರು ಮಾಡುವುದಿಲ್ಲ. ಕರ್ಸರ್ ಆಚೀಚೆ ಸರಿಸಲು ಎಚ್, ಜೆ, ಕೆ, ಎಲ್ ಕೀಲಿಗಳು. ವಿಮ್‌ಗೆ ಮೂಲವಾದ ವಿಐ ಎಡಿಟರನ್ನು ಬಿಲ್ ಜಾಯ್ ಬರೆದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳು ಈ ನಾಲ್ಕು ಕೀಲಿಗಳ ಮೇಲೆಯೇ ಇದ್ದವು. ಆ ಯಂತ್ರ ಹೋಯಿತು, ಬೆರಳಿನ ರೂಢಿ ಉಳಿಯಿತು.

ಮೊದಲ ದಿನ ಏನನ್ನೂ ಸೇರಿಸುವುದಿಲ್ಲ. ಟರ್ಮಿನಲ್‌ನಲ್ಲಿ ‘ಕಾರ್ಗೋ ನ್ಯೂ’ ಎಂದರೆ ಒಂದು ಫೋಲ್ಡರ್, ಅದರೊಳಗೆ ಮೂರೇ ಸಾಲಿನ ಪ್ರೋಗ್ರಾಂ ಸಿಗುತ್ತದೆ. ಅದನ್ನು ಅಳಿಸಿ, ನೋಡದೆ ಮತ್ತೆ ಬರೆಯುತ್ತೇನೆ. ಎಲ್ಲಿ ಅರ್ಧವಿರಾಮ, ಎಲ್ಲಿ ಆಶ್ಚರ್ಯಸೂಚಕ ಎಂಬುದು ಕೈಗೆ ತಿಳಿಯಬೇಕು. ಆಟೋಕಂಪ್ಲೀಟ್ ಒಂದು ವಾರ ಬಂದ್. ಇದು ನನ್ನ ಹಟ, ಬಿಡುವುದಿಲ್ಲ.

ಎರಡನೇ ದಿನ ರಸ್ಟ್-ಅನಲೈಜರ್. ಕೋಡನ್ನು ಓದಿ ಅರ್ಥಮಾಡಿಕೊಂಡು ಎಡಿಟರಿಗೆ ಹೇಳುವ ಲ್ಯಾಂಗ್ವೇಜ್ ಸರ್ವರ್ ಇದು. ಮೊದಲೆಲ್ಲ ಒಂದೊಂದು ಎಡಿಟರಿಗೂ ಒಂದೊಂದು ಭಾಷೆಯನ್ನು ಬೇರೆಬೇರೆಯಾಗಿ ಕಲಿಸಬೇಕಿತ್ತು, ಮನೆಮನೆಗೂ ಬಾವಿ ತೋಡಿದ ಹಾಗೆ. ಎಡಿಟರೂ ಸರ್ವರೂ ಮಾತಾಡಿಕೊಳ್ಳಲು ಒಂದು ಸಾಮಾನ್ಯ ಕಟ್ಟಳೆಯನ್ನು ಮೈಕ್ರೋಸಾಫ್ಟ್ 2016ರಲ್ಲಿ ಮುಂದಿಟ್ಟ ಮೇಲೆ ಭಾಷೆಗೊಂದು ಸರ್ವರ್ ಸಾಕಾಯಿತು. ವಿಎಸ್ ಕೋಡ್, ವಿಮ್, ಈಮ್ಯಾಕ್ಸ್ ಎಲ್ಲ ಅದೇ ಬಾವಿಯಲ್ಲಿ ನೀರು ಸೇದುತ್ತವೆ.

ಅದು ಎಚ್ಚರಗೊಳ್ಳುವ ಗಳಿಗೆಗೆ ನಾನು ಕಾಯುತ್ತೇನೆ. ಕೆಲವು ಸೆಕೆಂಡು ಏನೂ ಇಲ್ಲ. ಆಮೇಲೆ ನಾನು ಬರೆದ ಹೆಸರುಗಳ ಪಕ್ಕದಲ್ಲಿ, ನಾನು ಬರೆಯದ ಬೂದು ಬಣ್ಣದ ಅಕ್ಷರಗಳು ಮೂಡುತ್ತವೆ: ಇದು ಪೂರ್ಣಾಂಕ, ಇದು ಸ್ಟ್ರಿಂಗ್ ಎಂದು. ಅಡುಗೆಮನೆಯಲ್ಲಿ ಅಮ್ಮ ಹಿಂದೆ ನಿಂತು ಮೆಲ್ಲಗೆ ಹೇಳಿಕೊಟ್ಟ ಹಾಗೆ.

2021ರಲ್ಲಿ ಬಂದ 1.53ನೇ ಆವೃತ್ತಿಯಿಂದ ರಸ್ಟ್‌ನಲ್ಲಿ ವೇರಿಯಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ನನ್ನ ಮೊದಲ ವೇರಿಯಬಲ್ ‘ಹೆಸರು’. ಅದರಲ್ಲಿ ‘ಕನ್ನಡ’ ಎಂಬ ಪದ ಇಟ್ಟು, ಉದ್ದ ಎಷ್ಟೆಂದು ಕೇಳಿದೆ. ಹದಿನೈದು ಎಂದಿತು! ಕ್ಯಾರೆಕ್ಟರ್ ಲೆಕ್ಕ ಕೇಳಿದರೆ ಐದು. ನಾನು ಬಾಯಿಬಿಟ್ಟು ಹೇಳಿದರೆ ಮೂರೇ ಅಕ್ಷರ. ಕಾಗದದ ಮೇಲೆ ಬಿಡಿಸಿ ನೋಡಿದೆ. ಕ, ನ, ಹಲಂತ ಚಿಹ್ನೆ, ಮತ್ತೊಂದು ನ, ಡ. ನಮ್ಮ ಕಣ್ಣಿಗೆ ಒಂದೇ ಆಗಿ ಕಾಣುವ ‘ನ್ನ’ದೊಳಗೆ ಮೂರು ಇವೆ. ಒಂದೊಂದಕ್ಕೂ ಮೂರು ಬೈಟ್, ಒಟ್ಟು ಹದಿನೈದು. ಮೂರೂ ಉತ್ತರ ಸರಿ. ನೀನು ಕೇಳಿದ್ದು ಯಾವ ಲೆಕ್ಕ ಎಂದು ಈ ಭಾಷೆ ಮೊದಲೇ ಇತ್ಯರ್ಥ ಮಾಡಿಕೊಳ್ಳುತ್ತದೆ. ಒಂದನೇ ತರಗತಿಯ ಒತ್ತಕ್ಷರದ ಪಾಠವನ್ನು ಆ ರಾತ್ರಿ ಹೊಸದಾಗಿ ಓದಿದ ಹಾಗಾಯಿತು.

ಮರುದಿನ ‘ಹೆಸರಿ’ನಲ್ಲಿದ್ದ ಸ್ಟ್ರಿಂಗನ್ನು ‘ಇನ್ನೊಂದು’ ಎಂಬುದಕ್ಕೆ ಕೊಟ್ಟು, ಮತ್ತೆ ‘ಹೆಸರ’ನ್ನೇ ಅಚ್ಚು ಹಾಕಲು ಹೋದೆ. ಸೇವ್ ಮಾಡಿದ್ದೇ ತಡ, ಕೆಂಪು ಗೆರೆ. ಎಲ್ಲಿ ಕೊಟ್ಟೆ, ಕೊಟ್ಟ ಮೇಲೆ ಎಲ್ಲಿ ಮತ್ತೆ ಕೇಳಿದೆ ಎಂದು ಎರಡೂ ಕಡೆ ಬೊಟ್ಟುಮಾಡಿ ತೋರಿಸಿ, ಬೇಕಿದ್ದರೆ ಒಂದು ನಕಲು ಮಾಡಿಕೋ ಎಂದು ದಾರಿಯನ್ನೂ ಹೇಳಿತು. ರಸ್ಟ್‌ನಲ್ಲಿ ಕೊಟ್ಟದ್ದು ಕೊಟ್ಟಂತೆ, ಒಂದು ವಸ್ತುವಿಗೆ ಒಬ್ಬನೇ ಒಡೆಯ. ರಸ್ಟ್ ಕಲಿಸುವ ಪುಸ್ತಕದಲ್ಲಿ ಇದಕ್ಕೆ ಒಂದು ಇಡೀ ಅಧ್ಯಾಯವಿದೆ. ನನಗೆ ಅದು ಮನಸ್ಸಿಗೆ ಇಳಿದದ್ದು ಆ ಗೆರೆಯಿಂದ.

ಉಳಿದದ್ದು ಸಣ್ಣ ಕೆಲಸ: ಸೇವ್ ಮಾಡಿದಾಗ ಸಾಲುಗಳು ತಾವೇ ಓರಣವಾಗುವ ಹಾಗೆ ರಸ್ಟ್‌ಎಫ್‌ಎಂಟಿ ಜೋಡಿಸಿದೆ. ಅಕ್ಷರದ ಗಾತ್ರ ಒಂದು ಅಂಕೆ ಹೆಚ್ಚಿಸಿದೆ, ‘ನ್ನ’ದ ಒತ್ತು ಚೆನ್ನಾಗಿ ಕಾಣಲಿ ಎಂದು.

ನಿನ್ನೆಗೆ ಎಂಟು ದಿನ. ಆಟೋಕಂಪ್ಲೀಟ್ ಚಾಲೂ ಮಾಡಿ ‘ಹೆ’ ಎಂದು ಒತ್ತಿದೆ. ಕರ್ಸರ್ ಕೆಳಗೆ ಪುಟ್ಟ ಪಟ್ಟಿಯೊಂದು ಬಿಚ್ಚಿಕೊಂಡಿತು. ಮೊದಲ ಸಾಲಿನಲ್ಲೇ ಇತ್ತು: ‘ಹೆಸರು’.