ಮೂಲ ಹೋಯಿತು, ಅನುವಾದ ಉಳಿಯಿತು

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನನ್ನ ಫೋನು ಲೋಗೋ ತೋರಿಸಿ ಅಲ್ಲೇ ನಿಂತುಬಿಟ್ಟಿತು. ಪುಣೆಯ ನಮ್ಮ ಬೀದಿಯ ರಿಪೇರಿ ಅಂಗಡಿಯ ಹುಡುಗ ಅರ್ಧ ಗಂಟೆ ಒದ್ದಾಡಿ, ಫ್ಯಾಕ್ಟರಿ ರೀಸೆಟ್ ಬಿಟ್ಟು ಬೇರೆ ದಾರಿಯಿಲ್ಲ ಎಂದ. "ಬ್ಯಾಕಪ್ ಆಹೇ ನಾ, ತಾಈ?" ಲ್ಯಾಪ್‌ಟಾಪಿನಲ್ಲಿ ಗೂಗಲ್ ಖಾತೆ ತೆರೆದು ನೋಡಿದೆ. ಕೊನೆಯ ಬ್ಯಾಕಪ್ ಹಿಂದಿನ ರಾತ್ರಿಯದು. ಧೈರ್ಯವಾಗಿ "ಆಹೇ" ಎಂದೆ.

ಮನೆಗೆ ಬಂದು ವೈಫೈ ಹಾಕಿ, ಹಳೆಯ ಖಾತೆಯಿಂದಲೇ ಲಾಗಿನ್ ಆದೆ. ಕಾಂಟ್ಯಾಕ್ಟುಗಳು, ಎಸ್ಸೆಮ್ಮೆಸ್ಸುಗಳು, ಆ್ಯಪುಗಳು ಒಂದೊಂದಾಗಿ ಬಂದವು. ವಾಟ್ಸಾಪ್ ಬ್ಯಾಕಪ್ಪಿಗೆ ಎನ್‌ಕ್ರಿಪ್ಷನ್ ಹಾಕಿದ್ದೆ. ಅದರ ಪಾಸ್‌ವರ್ಡ್ ಕಳೆದುಕೊಂಡರೆ ವಾಟ್ಸಾಪಿನವರೂ ತೆರೆದುಕೊಡಲಾರರು. ಡೈರಿಯಲ್ಲಿ ಬರೆದಿಟ್ಟಿದ್ದರಿಂದ ಬಚಾವಾದೆ. ರಾತ್ರಿ ರೆಕಾರ್ಡರ್ ತೆರೆದರೆ ಖಾಲಿ.

ಅಲ್ಲಿ ಅಜ್ಜಿ ಇದ್ದರು. ತೀರಿಕೊಳ್ಳುವ ಹಿಂದಿನ ವರ್ಷ ಕುಂದಾಪುರದ ಮನೆಯ ಜಗಲಿಯಲ್ಲಿ ಅವರನ್ನು ಮಾತಾಡಿಸಿ ರೆಕಾರ್ಡ್ ಮಾಡಿದ್ದೆ. ಬಸಿರು, ಬಾಣಂತನ, ಗದ್ದೆ, ನೆರೆ, ಎಲ್ಲ ಸೇರಿ ಸುಮಾರು ಮೂರು ಗಂಟೆ. ಫೋನಿನ ಬ್ಯಾಕಪ್ ಎಂದರೆ ಇಡೀ ಫೋನಿನ ನಕಲು ಎಂದುಕೊಂಡಿದ್ದೆ. ಅದು ತನ್ನ ಪಟ್ಟಿಯಲ್ಲಿದ್ದದ್ದನ್ನು ಮಾತ್ರ ಎತ್ತಿಟ್ಟಿತ್ತು; ರೆಕಾರ್ಡರಿನ ಫೋಲ್ಡರ್ ಆ ಪಟ್ಟಿಯಲ್ಲಿರಲಿಲ್ಲ. ಅಳಿಸಿದ್ದನ್ನು ಹೆಕ್ಕಿ ತೆಗೆಯಲೂ ಆಗದು. ಈಗಿನ ಫೋನುಗಳಲ್ಲಿ ಎಲ್ಲವೂ ಎನ್‌ಕ್ರಿಪ್ಟ್ ಆಗಿರುತ್ತದೆ, ರೀಸೆಟ್ ಮಾಡಿದಾಗ ಅದರ ಕೀಲಿಯೇ ನಾಶವಾಗುತ್ತದೆ.

ಉಳಿದದ್ದು ಲ್ಯಾಪ್‌ಟಾಪಿನಲ್ಲಿದ್ದ ಹತ್ತೊಂಬತ್ತು ಪುಟ. ಅಜ್ಜಿಯ ಮಾತನ್ನು ಕೇಳಿ ಕೇಳಿ ನಾನೇ ಟೈಪ್ ಮಾಡಿದ್ದು. ಓದತೊಡಗಿದವಳಿಗೆ ನಾಚಿಕೆಯಾಯಿತು. ಅಜ್ಜಿ "ಹೋಯ್ಕ್" ಎಂದಲ್ಲೆಲ್ಲ ನಾನು "ಹೋಗಬೇಕು" ಎಂದು ಬರೆದಿದ್ದೆ. "ಬಪ್ಪುದು" ಎಂದದ್ದು "ಬರುವುದು" ಆಗಿತ್ತು. ಹಳಗನ್ನಡದ "ಬರ್ಪುದು" ಅಜ್ಜಿಯ ಬಾಯಲ್ಲಿ ಇನ್ನೂ ಉಸಿರಾಡುತ್ತಿದೆ ಎಂದು ಎಂಎ ತರಗತಿಯಲ್ಲಿ ಹೆಮ್ಮೆಯಿಂದ ಹೇಳಿದವಳೂ ನಾನೇ. ಓದಲು ಸುಲಭವಾಗಲಿ ಎಂಬ ಅನುವಾದಕಿಯ ಚಾಳಿ. ಧ್ವನಿ ಹೇಗೂ ಇದೆಯಲ್ಲ ಎಂಬ ಭರವಸೆ ಬೇರೆ.

ಮರುದಿನ ಶಿವಮೊಗ್ಗದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಒಂದು ಪುಟ ಓದಿ ಹೇಳಿದೆ. ಮೂರನೇ ಸಾಲಿಗೆ ತಡೆದರು: "ಅಮ್ಮ ಹಾಂಗ್ ಹೇಳ್ತಿರ್ಲಿಲ್ಲ ಮಾರಾಯ್ತಿ." ಆಮೇಲೆ ತಮಗೆ ನೆನಪಿದ್ದಂತೆ ಹೇಳಿದರು. ಈಗ ಪ್ರತಿ ಭಾನುವಾರ ಎರಡು ಪುಟ ಓದುತ್ತೇನೆ, ಅಮ್ಮ ತಿದ್ದುತ್ತಾರೆ, ನಾನು ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಅದು ಅಜ್ಜಿಯ ಧ್ವನಿಯಲ್ಲ, ಅಮ್ಮನದು. ಐವತ್ತು ವರ್ಷದ ಶಿವಮೊಗ್ಗ ಅದರಲ್ಲಿ ಬೆರೆತಿದೆ. ಕೆಲವು ಸಾಲುಗಳಿಗೆ ಅವರಿಗೂ ನೆನಪಾಗುವುದಿಲ್ಲ. ಅಲ್ಲಿ ನನ್ನ "ಹೋಗಬೇಕು" ಹಾಗೇ ಉಳಿಯುತ್ತದೆ.

ಈ ಫೈಲುಗಳನ್ನು ಲ್ಯಾಪ್‌ಟಾಪಿಗೂ ಪೆನ್‌ಡ್ರೈವಿಗೂ ಹಾಕುತ್ತೇನೆ, ಹಾಕಿದ ಮೇಲೆ ತೆರೆದು ಕೇಳುತ್ತೇನೆ. ನೀವೂ ಇವತ್ತೇ ಫೋನಿನ ಸೆಟ್ಟಿಂಗ್ಸಿಗೆ ಹೋಗಿ ಬ್ಯಾಕಪ್ಪಿನ ಪಟ್ಟಿ ನೋಡಿ. ಏನೇನಿದೆ ಎಂದಲ್ಲ, ಏನಿಲ್ಲ ಎಂದು.