ಸಹಿ ಹಾಕುವ ಮುಂಚೆ

ಎಂಬತ್ತರ ದಶಕದ ನಡುವಿನಲ್ಲಿ ನಾನು ರಾಣೆಬೆನ್ನೂರಿನ ಒಬ್ಬ ಆಡಿಟರ್ ಕಚೇರಿಗೆ ಟೈಪಿಸ್ಟ್ ಆಗಿ ಸೇರಿದೆ. ಹಾವೇರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ಧಾರವಾಡ ಜಿಲ್ಲೆಯವರು. ಕಚೇರಿಗೆ ಬರುತ್ತಿದ್ದ ಲೆಕ್ಕವೆಲ್ಲ ಹತ್ತಿ ಜಿನ್ನಿಂಗ್ ಮಿಲ್ಲುಗಳದು, ಎಣ್ಣೆ ಗಿರಣಿಗಳದು, ಬೀಜದ ವ್ಯಾಪಾರಿಗಳದು, ಬ್ಯಾಡಗಿಯ ಅಡತಿ ಅಂಗಡಿಗಳದು. ಹೆಚ್ಚಿನವು ಪಾಲುದಾರಿಕೆಯಲ್ಲೇ ನಡೆಯುತ್ತಿದ್ದವು. ವ್ಯವಹಾರ ಬೆಳೆದಂತೆ ಒಂದೊಂದಾಗಿ ಪ್ರೈವೇಟ್ ಲಿಮಿಟೆಡ್ ಆದವು. ಅದಕ್ಕೆ ಕಾನೂನು ಕೇಳುವುದು ಕನಿಷ್ಠ ಇಬ್ಬರು ನಿರ್ದೇಶಕರನ್ನು. ನಾನು ಟೈಪ್ ಮಾಡಿದ ಪಟ್ಟಿಗಳಲ್ಲಿ ಮೊದಲ ಹೆಸರು ಯಜಮಾನರದು, ಎರಡನೆಯದು ಅವರ ಹೆಂಡತಿಯದು ಅಥವಾ ತಾಯಿಯದು.

ಆಡಳಿತ ಮಂಡಳಿಗಳಲ್ಲಿ ಹೆಣ್ಣುಮಕ್ಕಳು ಇರಬೇಕೆಂಬ ಮಾತು ಮುಂಬೈ, ದೆಹಲಿಗಳಲ್ಲಿ ಜೋರಾಗುವುದಕ್ಕೆ ಬಹಳ ಮುಂಚೆಯೇ, ನಮ್ಮೂರ ಕಂಪನಿಗಳ ನಿರ್ದೇಶಕರಲ್ಲಿ ಹೆಚ್ಚೂಕಡಿಮೆ ಅರ್ಧ ಜನ ಹೆಣ್ಣುಮಕ್ಕಳೇ ಆಗಿದ್ದರು. ಆದರೆ ಅವರ ಮುಖ ನಾವು ನೋಡಿದ್ದಿಲ್ಲ. ವಾರ್ಷಿಕ ಲೆಕ್ಕ ಸಿದ್ಧವಾದ ಮೇಲೆ ಕಾಗದಗಳು ಫೈಲಿನಲ್ಲಿ ಅವರ ಮನೆಗೆ ಹೋಗುತ್ತಿದ್ದವು. ಎಲ್ಲೆಲ್ಲಿ ಸಹಿ ಬೇಕೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಸಣ್ಣ ಗುಣಾಕಾರ ಚಿಹ್ನೆ. ಸಂಜೆ ಫೈಲು ವಾಪಸು ಬಂದಾಗ ಪ್ರತಿ ಚಿಹ್ನೆಯ ಪಕ್ಕದಲ್ಲೂ ದುಂಡಗಿನ ಕನ್ನಡ ಸಹಿ ಇರುತ್ತಿತ್ತು. ಒಂದೊಂದು ಹಾಳೆಯ ಅಂಚಿಗೆ ಅರಿಸಿಣದ ಬೆರಳಚ್ಚು. ರಬ್ಬರಿನಿಂದ ಪೆನ್ಸಿಲ್ ಗುರುತು ಅಳಿಸಿ ನಡಾವಳಿ ಪುಸ್ತಕಕ್ಕೆ ಅಂಟಿಸಿದರೆ ‘ಮಂಡಳಿ ಸಭೆ ಸೇರಿ ಸರ್ವಾನುಮತದಿಂದ ಅಂಗೀಕರಿಸಿತು’ ಎಂಬ ಸಾಲು ಪೂರ್ತಿಯಾದಂತೆ.

ಕಂಪನಿಯ ಮಂಡಳಿ ಎಂಬುದು ಊರವರ ಬದುಕಿಗೆ ಎಷ್ಟು ಹತ್ತಿರ ಬರಬಲ್ಲದೆಂದು ನನಗೆ ಗೊತ್ತಾದದ್ದು ಕಚೇರಿಯ ಹೊರಗೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಗೆ, ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯಿದೆ. ಅದಕ್ಕೆ ಬೇಕಾದ ನೀಲಗಿರಿ ಬೆಳೆಸಲೆಂದು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಹುಟ್ಟಿತು. ಶೇ. 51 ಪಾಲು ಸರ್ಕಾರದ್ದು, ಶೇ. 49 ಕಾರ್ಖಾನೆಯದು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಜಮೀನು ಅದರ ಪಾಲಿಗೆ ಹೋಗುವುದಿತ್ತು. ಕಾಗದದಲ್ಲಿ ಅವು ಸಿ ಮತ್ತು ಡಿ ದರ್ಜೆಯ ಭೂಮಿ, ಅಂದರೆ ಬೇಸಾಯಕ್ಕೆ ಒಗ್ಗದವು. ಊರವರಿಗೆ ಅವೇ ದನದ ಮೇವು, ಒಲೆಯ ಸೌದೆ, ಮನೆಗೆ ಹೊದಿಸುವ ಹುಲ್ಲು.

ಈ ಕಂಪನಿಯ ಲೆಕ್ಕ ನಾನು ಬಹಳ ಸಲ ಮನಸ್ಸಿನಲ್ಲಿ ಹಾಕಿ ನೋಡಿದ್ದೇನೆ. ಅರ್ಧಕ್ಕಿಂತ ಹೆಚ್ಚು ಷೇರು ಸರ್ಕಾರದ ಕೈಯಲ್ಲಿದ್ದರೆ ಆ ಕಂಪನಿಯ ದೊಡ್ಡ ಒಡೆಯರು ಜನರೇ ಆಗಬೇಕು. ಆ ಜನರಲ್ಲಿ ಆ ಜಮೀನಿನ ಮೇಲೆ ದನ ಬಿಡುವವರೂ ಇದ್ದಾರೆ. ಅವರನ್ನು ಒಂದು ಮಾತು ಕೇಳದೆಯೇ ಜಮೀನು ಕೈಬದಲಾಯಿತು. ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿ ಕೆಲಸದಲ್ಲಿದ್ದ ಎಸ್.ಆರ್. ಹಿರೇಮಠ ಮತ್ತು ಸಮಾಜ ಪರಿವರ್ತನ ಸಮುದಾಯದವರು ಹಳ್ಳಿಹಳ್ಳಿ ತಿರುಗಿದರು. ಶಿವರಾಮ ಕಾರಂತರೂ ಜೊತೆಗೂಡಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನನ್ನ ತವರು ಆ ಕಡೆಯದು, ಆ ದಿನ ನಾನೂ ಅಲ್ಲಿದ್ದೆ. ಎರಡು ಸಾವಿರದಷ್ಟು ಜನ ವಾದ್ಯ ಬಾರಿಸುತ್ತ ಹೋಗಿ ನೂರು ನೀಲಗಿರಿ ಸಸಿ ಕಿತ್ತರು, ಆ ಜಾಗದಲ್ಲಿ ಹಣ್ಣಿನ, ಮೇವಿನ ಗಿಡ ನೆಟ್ಟರು. ನೀರಿನ ಕೊಡ ಹೊತ್ತು ಬಂದಿದ್ದ ಹೆಂಗಸರು ಗಿಡದ ಬುಡಕ್ಕೆ ಮಣ್ಣು ತುಳಿಯುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚಿತು. ಸಾಮಾಜಿಕ ಹೊಣೆಗಾರಿಕೆಯ ಬಗ್ಗೆ ಕಂಪನಿಗಳಿಗೆ ಕಾನೂನು ಬರೆಯಲು ದೆಹಲಿಗೆ ಇನ್ನೂ ಇಪ್ಪತ್ತೆರಡು ವರ್ಷ ಬೇಕಾಯಿತು.

ಆ ಸತ್ಯಾಗ್ರಹ ನಡೆದ 1987ರ ಜನವರಿಯಲ್ಲೇ ನಮ್ಮ ರಾಜ್ಯದಲ್ಲಿ ಮಂಡಲ ಪಂಚಾಯಿತಿ ಚುನಾವಣೆ ನಡೆದಿತ್ತು, ನಾಲ್ಕನೇ ಒಂದು ಪಾಲು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾಗಿ. ಕಂಪನಿಗಳ ಮಂಡಳಿಯಲ್ಲಿ ಮಹಿಳೆಯರಿಗೆ ಶೇ. 40 ಸ್ಥಾನವೆಂದು 2003ರಲ್ಲಿ ಕಾನೂನು ಮಾಡಿದ ನಾರ್ವೆಯ ಹೆಸರು ಎಲ್ಲ ಭಾಷಣಗಳಲ್ಲೂ ಬರುತ್ತದೆ. ಅದಕ್ಕೂ ಹದಿನಾರು ವರ್ಷ ಮುಂಚೆ ಬ್ಯಾಡಗಿ ತಾಲ್ಲೂಕಿನ ಹಳ್ಳಿಯ ಸೊಸೆಯಂದಿರು ಸೆರಗು ಸರಿಮಾಡಿಕೊಂಡು ಪಂಚಾಯಿತಿ ಕಟ್ಟೆ ಹತ್ತಿದ್ದರು. ಇದನ್ನೂ ಯಾರಾದರೂ ಹೇಳಬೇಕು.

ರಾಣೆಬೆನ್ನೂರಿನ ಬದುಕನ್ನು ಬದಲಿಸಿದ್ದು ಬೀಜ. 1972ರಲ್ಲಿ ಧಾರವಾಡದ ಕೃಷಿ ವಿಜ್ಞಾನಿ ಡಾ. ಬಿ.ಎಚ್. ಕಟರಕಿ ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿಯನ್ನು ಕೊಟ್ಟ ಮೇಲೆ ನಮ್ಮ ಕಡೆಯ ಹೊಲಗಳಲ್ಲಿ ‘ಕ್ರಾಸಿಂಗ್’ ಕೆಲಸ ಶುರುವಾಯಿತು. ಹತ್ತಿಯ ಹಿಂದೆಯೇ ಟೊಮೆಟೊ, ಬೆಂಡೆ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ಬಂತು. ಮಧ್ಯಾಹ್ನದ ಮೇಲೆ ನಾಳೆ ಅರಳುವ ಮೊಗ್ಗನ್ನು ಹುಡುಕಿ, ಉಗುರಿನಿಂದ ಸೀಳಿ ಕೇಸರ ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ತಂದು ಪರಾಗ ಮುಟ್ಟಿಸಬೇಕು. ಒಂದು ಮೊಗ್ಗು ತಪ್ಪಿದರೂ ಬೀಜದ ಶುದ್ಧತೆ ಕೆಡುತ್ತದೆ. ಈ ನಾಜೂಕು ಕೆಲಸವೆಲ್ಲ ಹೆಂಗಸರದು ಮತ್ತು, ಆ ಕಾಲಕ್ಕೆ, ಹುಡುಗಿಯರದು.

ಕಂಪನಿ, ಅದರ ಕೆಳಗೆ ಆರ್ಗನೈಸರ್, ಅವನ ಕೆಳಗೆ ಬೆಳೆಗಾರ, ಎಲ್ಲರ ಕೆಳಗೆ ಕೂಲಿ. ನಾವು ಲೆಕ್ಕ ಬರೆಯುತ್ತಿದ್ದ ಆರ್ಗನೈಸರ್ ಒಬ್ಬರ ಪುಸ್ತಕದಲ್ಲಿ ಮುಂಗಡ ಕೊಟ್ಟ ತಾರೀಕು ಒಂದು ಪುಟದಲ್ಲಿದ್ದರೆ ಹಣ ಚುಕ್ತಾ ಆದ ತಾರೀಕು ಹತ್ತಾರು ಪುಟ ದಾಟಿ ಸಿಗುತ್ತಿತ್ತು. ಬೀಜವನ್ನು ಬಿತ್ತಿ ಬೆಳೆಸಿ ನೋಡುವ ಜಿ.ಓ.ಟಿ. ಪರೀಕ್ಷೆಯ ಫಲಿತಾಂಶ ಬರಲು ತಿಂಗಳುಗಳೇ ಬೇಕು. ‘ಲಾಟ್ ಫೇಲ್’ ಎಂದು ಬಂತೋ, ರೈತನಿಗೆ ಬೆಲೆಯಿಲ್ಲ. ಪರೀಕ್ಷೆ ಮಾಡುವವರೂ ಕೊಳ್ಳುವವರೂ ಒಬ್ಬರೇ. ಫಲಿತಾಂಶ ಪ್ರಶ್ನಿಸಲು ಬೆಳೆಗಾರನಿಗೆ ಯಾವ ಬಾಗಿಲೂ ಇರಲಿಲ್ಲ.

2000ದ ನಂತರ ಗಾಳಿ ಬದಲಾಯಿತು. ಹೈಬ್ರಿಡ್ ಬೀಜದ ಹೊಲಗಳ ಬಾಲಕಾರ್ಮಿಕರ ಬಗ್ಗೆ ದಾವುಲೂರಿ ವೆಂಕಟೇಶ್ವರುಲು ಅವರ ಅಧ್ಯಯನಗಳು ಯೂರೋಪಿನವರೆಗೆ ಹೋದವು. ಅಲ್ಲಿಯ ಹೂಡಿಕೆದಾರರು ಕೇಳತೊಡಗಿದ ಮೇಲೆ ಇಲ್ಲಿಯ ಹೊಲದ ಬದುವಿಗೆ ಜೀಪು ಬಂದು ನಿಂತು, ಕೂಲಿಯವರ ವಯಸ್ಸು ಬರೆದುಕೊಳ್ಳುವ ರಿಜಿಸ್ಟರು ಬಂತು. ಹುಡುಗಿಯರು ಕಡಿಮೆಯಾದದ್ದನ್ನು ನಾನೇ ಕಂಡಿದ್ದೇನೆ. ಆ ರಿಜಿಸ್ಟರಿನಲ್ಲಿ ದೊಡ್ಡ ಹೆಂಗಸರ ಕೂಲಿ ಎಷ್ಟೆಂದು ಬರೆಯುವ ಕಾಲಂ ಇರಲಿಲ್ಲ. 2015ರಲ್ಲಿ ತರಕಾರಿ ಬೀಜದ ಹೊಲಗಳ ಬಗ್ಗೆ ವೆಂಕಟೇಶ್ವರುಲು ಅವರದೇ ಇನ್ನೊಂದು ವರದಿ ಬಂದಾಗ ಅದರ ದೊಡ್ಡ ವಿಷಯಗಳಲ್ಲೊಂದು ಹೆಂಗಸರಿಗೆ ಸಿಗುವ ಕಡಿಮೆ ಕೂಲಿಯಾಗಿತ್ತು.

ಇತ್ತ ಕಚೇರಿಯಲ್ಲಿ ಪೆನ್ಸಿಲ್ ಗುರುತಿನ ಕಾಲ ಮುಗಿದು ಡಿಜಿಟಲ್ ಸಹಿಯ ಕಾಲ ಬಂತು. ಸಹಿ ಈಗ ಬೆರಳುದ್ದದ ಒಂದು ಟೋಕನ್. ನಮ್ಮ ಕಸುಬಿನ ಅನೇಕ ಕಚೇರಿಗಳಲ್ಲಿ ನಿರ್ದೇಶಕಿಯರ ಟೋಕನ್‌ಗಳು ಹೆಸರಿನ ಚೀಟಿ ಅಂಟಿಸಿಕೊಂಡು, ರಬ್ಬರ್ ಬ್ಯಾಂಡ್ ಸುತ್ತಿಸಿಕೊಂಡು ಮೇಜಿನ ಖಾನೆಯಲ್ಲಿ ಮಲಗಿದವು. ಕಾಗದ ಮನೆಗೆ ಹೋಗುವ ನೆಪವೂ ತಪ್ಪಿತು. 2013ರ ಕಂಪನಿ ಕಾಯ್ದೆ ಷೇರುಪೇಟೆಯ ಕಂಪನಿಗಳಿಗೆ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕಿ ಬೇಕೆಂದಾಗ ದೊಡ್ಡ ದೊಡ್ಡ ಮನೆತನಗಳೂ ಹೆಂಡತಿ, ಮಗಳು, ಸೊಸೆಯನ್ನೇ ಕೂರಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ನಮಗದು ಪರಿಚಯದ ದಾರಿಯೇ. ಕೊನೆಗೆ ಸೆಬಿ, ಮೊದಲ 500 ದೊಡ್ಡ ಕಂಪನಿಗಳಲ್ಲಿ 2019ರ ಏಪ್ರಿಲ್‌ನಿಂದ ಆ ಮಹಿಳೆ ಸ್ವತಂತ್ರ ನಿರ್ದೇಶಕಿಯೇ ಆಗಿರಬೇಕೆಂದಿತು.

ನಮ್ಮಲ್ಲಿ ಆ ಖಾನೆ ತೆರೆಸಿದ್ದು ಬೇರೆಯೇ ಸಂಗತಿ. 2017ರ ಸೆಪ್ಟೆಂಬರ್‌ನಲ್ಲಿ ವರ್ಷಗಟ್ಟಲೆ ಲೆಕ್ಕ ಸಲ್ಲಿಸದ ಕಂಪನಿಗಳ ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನು ಸರ್ಕಾರ ಅನರ್ಹಗೊಳಿಸಿತು. ಮರುವರ್ಷ ಪ್ರತಿ ನಿರ್ದೇಶಕರ ಸ್ವಂತ ಮೊಬೈಲಿಗೇ ಓಟಿಪಿ ಬರುವ ಕೆವೈಸಿ ಕಡ್ಡಾಯವಾಯಿತು. ಆಗ ನಮ್ಮ ಕಚೇರಿಗೆ ಎಪ್ಪತ್ತು ದಾಟಿದ ತಾಯಿಯೊಬ್ಬರು ಮೊಮ್ಮಗನ ಕೈಹಿಡಿದು ಬಂದರು. ‘ನಂಬರ್ ಹೇಳ್ರಿ ಅಂತ ಫೋನ್ ಮಾಡೀರಿ. ಯಾಕಂತ ತಿಳಿದ ಹೇಳ್ತೇನಿ. ಯಾ ಕಂಪ್ನಿರಿ ಅದು? ಅದರಾಗ ನಂದೇನೈತಿ?’ ಕುರ್ಚಿ ಹಾಕಿ ಕೂರಿಸಿ, ಅವರ ಹೆಸರಿನಲ್ಲಿದ್ದ ಷೇರು ಎಷ್ಟು, ಸಾಲಕ್ಕೆ ಅವರು ಜಾಮೀನು ನಿಂತದ್ದು ಎಷ್ಟು, ಎಲ್ಲವನ್ನೂ ಓದಿ ಹೇಳಿದೆ. ಜಾಮೀನಿನ ಮೊತ್ತ ಕೇಳಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಟೋಕನ್ ಕೇಳಿ ಪಡೆದು ಸೊಂಟದ ಚೀಲಕ್ಕೆ ಹಾಕಿಕೊಂಡು ಹೋದರು. ಆ ಮೇಲೆ ಆ ಕಂಪನಿಯ ಲೆಕ್ಕ ಅವರಿಗೆ ಓದಿ ಹೇಳದೆ ಮುಂದೆ ಹೋಗಿಲ್ಲ.

ಬ್ಯಾಡಗಿಯ ಕಥೆ ಇನ್ನೂ ನಡೆಯುತ್ತಿದೆ. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ನಮ್ಮ ಡಬ್ಬಿ, ಕಡ್ಡಿ ತಳಿಗಳಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಬಣ್ಣದ ಎಣ್ಣೆ ತೆಗೆಯುವ ಕಾರ್ಖಾನೆಗಳು ಬಂದವು, ಶೀತಲಗೃಹಗಳು ಎದ್ದವು, ಕೂಗಿ ಹರಾಜು ಹಾಕುತ್ತಿದ್ದ ಕಡೆ ಕಂಪ್ಯೂಟರ್ ಟೆಂಡರ್ ಬಂತು. ಬದಲಾಗದೆ ಉಳಿದವರು ಗೋದಾಮುಗಳಲ್ಲಿ ಸಾಲಾಗಿ ಕೂತು, ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು, ಕಿಲೋ ಲೆಕ್ಕದಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಂಗಸರು. ಮಾರುಕಟ್ಟೆ ಸಮಿತಿಯಲ್ಲಿ ಮಹಿಳೆಗೆ ಮೀಸಲು ಸ್ಥಾನವಿದೆ, ಆದರೆ ಅದು ಜಮೀನಿರುವ ರೈತ ಮಹಿಳೆಗೆ. 2024ರ ಮಾರ್ಚ್ 11ರ ಸೋಮವಾರ ದರ ಕುಸಿದು ರೈತರು ರೊಚ್ಚಿಗೆದ್ದು ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿದ್ದಾಗ ಟಿವಿಗಳು ರೈತರ ನಷ್ಟ, ವರ್ತಕರ ನಷ್ಟ ಹೇಳಿದವು. ವಹಿವಾಟು ನಿಂತಷ್ಟು ದಿನ ಈ ಹೆಂಗಸರ ಕೂಲಿಯೂ ನಿಂತಿತ್ತು. ಸಾಮಾಜಿಕ ಹೊಣೆಗೆಂದು ಕಂಪನಿಗಳು ತೆಗೆದಿಡುವ ಲಾಭದ ಶೇ. 2ರಲ್ಲಿ ಬಣ್ಣ ಬಳಿದ ಶಾಲಾ ಗೋಡೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಗೋದಾಮಿನ ಹಿಂದೆ ಈ ಹೆಂಗಸರಿಗೊಂದು ಶೌಚಾಲಯ, ಅವರ ಕೂಸುಗಳಿಗೊಂದು ಕೋಣೆ, ಖಾರದ ಧೂಳು ಹೊರಹಾಕುವ ಫ್ಯಾನು ಮೊದಲು ಆಗಬೇಕಾದ ಕೆಲಸಗಳು.

ಈಗ ನಾನು ರೈತ ಉತ್ಪಾದಕ ಕಂಪನಿಯೊಂದರ ಲೆಕ್ಕ ನೋಡುತ್ತೇನೆ. ಇವಕ್ಕೆ ಐದರಿಂದ ಹದಿನೈದು ನಿರ್ದೇಶಕರು, ಷೇರು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ಮತ. 2020ರ ಕೇಂದ್ರ ಯೋಜನೆಯಲ್ಲಿ ಮಂಡಳಿಗೆ ಕನಿಷ್ಠ ಒಬ್ಬ ಮಹಿಳೆ ಇರಬೇಕೆಂದಿದೆ. ಇಲ್ಲಿಯ ನಿರ್ದೇಶಕಿಯ ಅತ್ತೆ 1987ರ ಮಂಡಲ ಪಂಚಾಯಿತಿಯಲ್ಲಿ ಸದಸ್ಯೆಯಾಗಿದ್ದವರು. ಈ ನಿರ್ದೇಶಕಿಗೆ ಒಂದೆಕರೆ ಹೊಲವಿದೆ, ಹೊಲದ ಕೆಲಸ ಇಲ್ಲದಾಗ ತುಂಬು ಬಿಡಿಸಲು ಹೋಗುತ್ತಾರೆ. ಕಳೆದ ಸಲದ ಲೆಕ್ಕಪತ್ರದಲ್ಲಿ ‘ತೂಕದ ಕೊರತೆ’ ಎಂದು ಒಂದೇ ಸಾಲಿತ್ತು. ಎಲ್ಲರೂ ಸಹಿಗೆ ಪೆನ್ನು ತೆಗೆದಾಗ ಆಕೆ ಬೆರಳಿಟ್ಟರು. ‘ಒಣಗಿ ಇಳಿಯೋ ತೂಕ ಬ್ಯಾರೆ, ತುಂಬು ಬಿಡಿಸಿದ ಮ್ಯಾಲೆ ಇಳಿಯೋದು ಬ್ಯಾರೆ. ಎರಡೂ ಕೂಡಿಸಿ ಬರದ್ರ ನಡುವ ಮಾಲ ಎಷ್ಟ ಹೋತು ಹೆಂಗ ತಿಳೀಬೇಕು?’ ಪದವೀಧರರೂ ಇದ್ದ ಆ ಮಂಡಳಿಯಲ್ಲಿ ಈ ಪ್ರಶ್ನೆ ಬೇರೆ ಯಾರಿಗೂ ಹೊಳೆದಿರಲಿಲ್ಲ, ಏಕೆಂದರೆ ಬಿಡಿಸಿದ ತುಂಬಿನ ರಾಶಿ ಎಷ್ಟು ತೂಗುತ್ತದೆಂದು ಕೈಯಲ್ಲಿ ಬಲ್ಲವರು ಆಕೆಯೊಬ್ಬರೇ. ಸಹಿ ಆ ದಿನ ಆಗಲಿಲ್ಲ. ಗೋದಾಮಿನ ಚೀಟಿಗಳನ್ನು ತರಿಸಿ ಎರಡು ಸಾಲಾಗಿ ಬಿಡಿಸಿ ಬರೆದ ಲೆಕ್ಕ ಮುಂದಿನ ಸಭೆಗೆ ಬಂತು.

ಅದೇ ಸಭೆಯ ಕೊನೆಗೆ ಆಕೆ ಇನ್ನೊಂದು ಮಾತು ಕೇಳಿದರು: ತನ್ನ ಜೊತೆ ಕೂತು ತುಂಬು ಬಿಡಿಸುವ, ಹೊಲವಿಲ್ಲದ ಹೆಂಗಸರೂ ಈ ಕಂಪನಿಯ ಷೇರು ತಗೋಬಹುದೇ? ಇಬ್ಬರು ನಿರ್ದೇಶಕರು, ಪಹಣಿ ಇಲ್ಲದವರಿಗೆ ಹೆಂಗೆ ಎಂದರು. ನಾನು ಕಾಯ್ದೆ ತೆರೆದು ಓದಿದೆ. ಕೃಷಿ ಉತ್ಪನ್ನಕ್ಕೆ ಸಂಬಂಧಪಟ್ಟ ಯಾವುದೇ ಚಟುವಟಿಕೆಯಲ್ಲಿ ತೊಡಗಿದವರೂ ಉತ್ಪಾದಕರೇ ಎಂದು ಅದರಲ್ಲಿದೆ, ಪಹಣಿಯ ಮಾತೇ ಇಲ್ಲ. ಕಂಪನಿಯ ನಿಯಮಾವಳಿಯಲ್ಲಿ ಸದಸ್ಯತ್ವದ ಕಲಂ ತಿದ್ದಬೇಕು, ಅದಕ್ಕೆ ಸಾಮಾನ್ಯ ಸಭೆಯ ಒಪ್ಪಿಗೆ ಬೇಕು. ತಿದ್ದುಪಡಿಯ ಕರಡನ್ನು ಕನ್ನಡದಲ್ಲೇ ಬರೆದು ಕೊಟ್ಟಿದ್ದೇನೆ. ಅದರ ನಕಲುಗಳನ್ನು ಆಕೆ ಗೋದಾಮಿಗೆ ಒಯ್ದಿದ್ದಾರೆ. ಸುಗ್ಗಿ ಮುಗಿದ ಮೇಲೆ ಸಾಮಾನ್ಯ ಸಭೆ.